ಆಟದಲ್ಲೂ ಒಂದು ಆಟಿ ತಿಂಗಳು

2004ರಲ್ಲಿ ಮಂಗಳೂರಿನ ಹಂಪನಕಟ್ಟೆಯ ಒಂದು ಸೈಬರ್ ಕೆಫೆಯಲ್ಲಿ ನನ್ನ ಮಂತ್ರವಾದಿನಿ ಒಂದೇ ಸಂಜೆ ಹದಿನಾಲ್ಕು ಸಲ ಸತ್ತಳು. ಆಟ ಡಯಾಬ್ಲೊ 2, ರಾಕ್ಷಸರನ್ನು ಕೊಲ್ಲುತ್ತಾ ಪಾತ್ರ ಬೆಳೆಸುವ ಕಂಪ್ಯೂಟರ್ ಆಟ. ಗಂಟೆಗೆ ಇಪ್ಪತ್ತು ರೂಪಾಯಿ. ನಾನಾಗ ಬಿ.ಕಾಂ. ವಿದ್ಯಾರ್ಥಿ. ಬಸ್ಸಿನ ಹಣ ಆಟಕ್ಕೆ ಹಾಕಿ ಕಂಕನಾಡಿಯವರೆಗೆ ನಡೆದೇ ಮನೆ ಸೇರುತ್ತಿದ್ದೆ. ಆ ದಿನ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ: ಎಲ್ಲಿ ತಪ್ಪಿತು?

ತಪ್ಪಿದ್ದು ಎರಡು ಕಡೆ. ಮಂತ್ರವಾದಿನಿ ಎಂದ ಮೇಲೆ ಮಂತ್ರಶಕ್ತಿ ಬೇಕಲ್ಲ ಎಂದು ಪ್ರತಿ ಲೆವೆಲ್‌ಗೆ ಸಿಗುವ ಐದು ಪಾಯಿಂಟ್‌ಗಳಲ್ಲಿ ಹೆಚ್ಚಿನವನ್ನು ಎನರ್ಜಿಗೆ ಸುರಿದಿದ್ದೆ. ವೈಟಾಲಿಟಿಗೆ ಹಾಕಿದ್ದರೆ ಒಂದು ಪಾಯಿಂಟ್‌ಗೆ ಎರಡು ಲೈಫ್ ಸಿಗುತ್ತಿತ್ತು. ಎರಡೇ ತಾನೆ ಎಂದು ಕಡೆಗಣಿಸಿದೆ. ಇನ್ನೊಂದು, ಸ್ಕಿಲ್‌ಗಳನ್ನೆಲ್ಲ ಹಿಮದ ಕಡೆಗೇ ಹಾಕಿದ್ದು. ಮೊದಲ ಎರಡು ಹಂತಗಳಲ್ಲಿ ರಾಕ್ಷಸರು ಗಾಜಿನ ಬಾಟಲಿಗಳಂತೆ ಒಡೆದುಹೋಗುತ್ತಿದ್ದರು. ಮೂರನೆಯ ಹಂತವಾದ ಹೆಲ್‌ಗೆ ಹೋದರೆ ಹಲವರ ಹೆಸರಿನ ಕೆಳಗೆ ಚಳಿ ಇವರಿಗೆ ತಾಗುವುದಿಲ್ಲ ಎಂಬ ಸಾಲು! ಬೆಂಕಿಯೂ ಇಲ್ಲ, ಮಿಂಚೂ ಇಲ್ಲ. ನನ್ನವಳು ಮಂಜು ಎರಚುತ್ತಾ ನಿಂತಲ್ಲೇ ಬೀಳುತ್ತಿದ್ದಳು. ಹಾಕಿದ ಪಾಯಿಂಟ್ ವಾಪಸ್ ಪಡೆಯುವ ಸೌಲಭ್ಯ ಆ ಆಟಕ್ಕೆ ಬಂದದ್ದು 2010ರ 1.13 ಪ್ಯಾಚ್‌ನಲ್ಲಿ. ಅಷ್ಟು ಕಾಲ ಕಾಯಬೇಕಾಗಲಿಲ್ಲ. ಮುಂದಿನ ತಿಂಗಳೇ ಸೈಬರಿನವರು ಆ ಯಂತ್ರವನ್ನು ಫಾರ್ಮ್ಯಾಟ್ ಮಾಡಿದರು. ದುಃಖವೇನೂ ಆಗಲಿಲ್ಲ, ಋಣ ಹರಿದಂತಾಯಿತು.

ಈಗ ನಾನು ಮಂಗಳೂರಿನ ಒಂದು ಸಹಕಾರಿ ಸಂಘದಲ್ಲಿ ಸಾಲದ ವಿಭಾಗದಲ್ಲಿದ್ದೇನೆ. ಬಿಲ್ಡ್ ಎಂದರೆ ಪಾತ್ರಕ್ಕೆ ಪಾಯಿಂಟ್, ಸ್ಕಿಲ್, ಸಾಮಗ್ರಿ ಜೋಡಿಸುವ ರೀತಿ. ಅದನ್ನು ಆರಿಸುವ ನನ್ನ ಕ್ರಮ ಪೂರ್ತಿ ಅಲ್ಲಿಂದಲೇ ಬಂದದ್ದು ಎಂದರೆ ಸೋದರಳಿಯ ನಗುತ್ತಾನೆ. ಆದರೆ ನೋಡಿ, ಮೀನುಗಾರಿಕಾ ದಕ್ಕೆಯಿಂದ ಟ್ರಾಲ್‌ಬೋಟಿನವರು ಸಾಲಕ್ಕೆ ಬಂದರೆ ನಾವು ನವೆಂಬರ್ ತಿಂಗಳ ಮೀನಿನ ಲೆಕ್ಕ ನೋಡಿ ಮರುಳಾಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ 61 ದಿನ ಬೋಟು ದಡದಲ್ಲಿ ನಿಂತಾಗ ಕಂತು ಎಲ್ಲಿಂದ ಕಟ್ಟುತ್ತೀರಿ ಎಂದು ಕೇಳುತ್ತೇವೆ. ತುಳುನಾಡಿನ ಬೇಸಾಯದವರಿಗೂ ಹಾಗೆಯೇ ಮಳೆಗಾಲದಲ್ಲಿ ಒಂದು ಆಟಿ ತಿಂಗಳಿದೆ, ಹಲಸಿನ ಬೀಜ ಮತ್ತು ಕೆಸುವಿನ ಎಲೆಯಲ್ಲಿ ದಿನ ದೂಡುತ್ತಿದ್ದ ತಿಂಗಳು. ಬಿಲ್ಡ್ ಎಷ್ಟು ಜೋರಾಗಿ ಹೊಡೆಯುತ್ತದೆ ಎನ್ನುವುದು ನವೆಂಬರ್ ತಿಂಗಳ ಲೆಕ್ಕ. ನಾನು ಕೇಳುವುದು ಅದರ ಆಟಿಯ ಲೆಕ್ಕವನ್ನು: ಒಳ್ಳೆಯ ಸಾಮಗ್ರಿ ಸಿಗದಿದ್ದಾಗ, ನೆಟ್ ನಿಧಾನವಾದಾಗ, ಬೆರಳು ಸುಸ್ತಾದಾಗ ಇದು ಏನು ಮಾಡುತ್ತದೆ?

ಕೆಲವು ವರ್ಷಗಳಿಂದ ಆಡುತ್ತಿರುವುದು ಪಾತ್ ಆಫ್ ಎಕ್ಸೈಲ್. ನ್ಯೂಜಿಲೆಂಡಿನ ಗ್ರೈಂಡಿಂಗ್ ಗಿಯರ್ ಗೇಮ್ಸ್ 2013ರಲ್ಲಿ ಹೊರತಂದ ಆಟ, ಆಡುವುದಕ್ಕೆ ದುಡ್ಡಿಲ್ಲ. ಅದರ ಪ್ಯಾಸಿವ್ ಟ್ರೀ, ಅಂದರೆ ಪಾಯಿಂಟ್ ಹಾಕಿ ಪಾತ್ರದ ಬಲ ಆರಿಸುವ ನಕ್ಷೆ, ಮೊದಲ ಸಲ ತೆರೆದವರು ಒಂದು ಕ್ಷಣ ಬಾಯಿ ಬಿಟ್ಟು ನೋಡಲೇಬೇಕು. 1300ಕ್ಕೂ ಹೆಚ್ಚು ಚುಕ್ಕೆಗಳ ನಕ್ಷತ್ರಮಂಡಲ. ನೀವು ಖರ್ಚು ಮಾಡಬಹುದಾದದ್ದು 120ರ ಆಸುಪಾಸು. ತಪ್ಪಿದರೆ ಒಂದೊಂದು ಚುಕ್ಕೆ ಹಿಂಪಡೆಯಲು ಒಂದೊಂದು ಆರ್ಬ್ ಆಫ್ ರಿಗ್ರೆಟ್ ಕೊಡಬಹುದು. ಪಶ್ಚಾತ್ತಾಪಕ್ಕೆ ಬೆಲೆ ಕಟ್ಟಿದ ಆಟ ಇದೊಂದೇ ಇರಬೇಕು.

ಇಲ್ಲಿ ನಾನು ಮೊದಲು ನೋಡುವುದು ಟ್ರೀಯನ್ನಲ್ಲ, ನನ್ನ ಮನೆಯನ್ನು. ಸಿಂಗಾಪುರದ ಸರ್ವರ್‌ಗೆ ಸಾಮಾನ್ಯ ದಿನ 80 ಮಿಲಿಸೆಕೆಂಡ್ ಹಿಡಿಯುವುದು ಮಳೆಗಾಲದ ಸಂಜೆ 200 ದಾಟುತ್ತದೆ. ಗುಡುಗು ಕೇಳಿಸಿದರೆ ಮೋಡೆಮ್‌ನ ಪ್ಲಗ್ ಕೀಳಬೇಕು ಎಂಬುದು ಅಮ್ಮನ ಕಾನೂನು, ಎರಡು ಮೋಡೆಮ್ ಸುಟ್ಟ ಮೇಲೆ ನಾನೂ ಒಪ್ಪಿದ್ದೇನೆ. ಇಂಥ ನೆಟ್ ಇಟ್ಟುಕೊಂಡು ಶತ್ರು ಕೈ ಎತ್ತಿದ್ದನ್ನು ನೋಡಿ ಪಕ್ಕಕ್ಕೆ ಜಿಗಿಯುವ ಬಿಲ್ಡ್ ಆಡುವುದೆಂದರೆ, ಯಕ್ಷಗಾನದ ಬಣ್ಣದ ವೇಷದ ದೊಡ್ಡ ಕಿರೀಟ ಕಟ್ಟಿಕೊಂಡು ಪುಂಡು ವೇಷದ ದಿಗಿಣ ಹೊಡೆಯಲು ಹೊರಟ ಹಾಗೆ. ವೇಷ ಎರಡೂ ಚೆನ್ನಾದವೇ. ಹೊರುವ ಕುತ್ತಿಗೆ ಯಾವುದು ಎಂದು ನೋಡಬೇಕು. ಆಟದ ನೆಟ್‌ವರ್ಕ್ ಆಯ್ಕೆಯಲ್ಲಿ ಸರ್ವರ್‌ನ ಉತ್ತರಕ್ಕೆ ಕಾಯುವ ಲಾಕ್‌ಸ್ಟೆಪ್ ಬಿಟ್ಟು ಮುಂದಾಗಿ ಊಹಿಸುವ ಪ್ರಿಡಿಕ್ಟಿವ್ ಇಟ್ಟರೆ ಸ್ವಲ್ಪ ಉಪಶಮನ ಸಿಗುತ್ತದೆ, ಆದರೆ ತೆರೆಯ ಮೇಲೆ ಕಾಣುವುದಕ್ಕೂ ಸರ್ವರ್‌ನಲ್ಲಿ ನಡೆಯುವುದಕ್ಕೂ ಆಗಾಗ ವ್ಯತ್ಯಾಸ ಬರುತ್ತದೆ.

ಆದ್ದರಿಂದ ನನ್ನ ಕೈಗೆ ಒಗ್ಗಿದ್ದು ಟೋಟೆಮ್. ಕಂಬ ನೆಡುವುದು, ದೂರ ನಿಲ್ಲುವುದು, ಹೊಡೆಯುವುದು ಕಂಬದ ಕೆಲಸ. ಹೋಲಿ ಫ್ಲೇಮ್ ಟೋಟೆಮ್ ಆರಂಭದ ಲೆವೆಲ್‌ಗಳಲ್ಲೇ ಸಿಗುತ್ತದೆ, ಹರಕು ಬಟ್ಟೆಯಲ್ಲೂ ಕೆಲಸ ಮಾಡುತ್ತದೆ, ರಾಕ್ಷಸರು ನನ್ನನ್ನು ಬಿಟ್ಟು ಕಂಬಕ್ಕೆ ಗುದ್ದುತ್ತಾರೆ. ಟೆಂಪ್ಲರ್ ಪಾತ್ರ ಹಿಡಿದು, ಅದರ ಮುಂದಿನ ರೂಪವಾದ ಹೈರೊಫ್ಯಾಂಟ್ ಆದೆ. ಟ್ರೀಯಲ್ಲಿ ಆನ್ಸೆಸ್ಟ್ರಲ್ ಬಾಂಡ್ ಎಂಬ ಚುಕ್ಕೆಯಿದೆ: ಒಂದು ಟೋಟೆಮ್ ಹೆಚ್ಚು ಕೊಡುತ್ತದೆ, ಬದಲಿಗೆ ನಿಮ್ಮ ಸ್ಕಿಲ್‌ಗಳಿಂದ ನೀವೇ ಸ್ವತಃ ಪೆಟ್ಟು ಕೊಡುವಂತಿಲ್ಲ. ನನ್ನ ಹೆಂಡತಿ ಅದನ್ನು ಓದಿ, “ಇದು ನಿಮಗೆಂದೇ ಮಾಡಿದ್ದು” ಎಂದಳು. ದೋಷವೂ ಇದೆ. ಓಡುತ್ತಾ ಆಡುವವರಿಗೆ ಟೋಟೆಮ್ ಕಾಲಿಗೆ ಕಟ್ಟಿದ ಕಲ್ಲು. ಪ್ರತಿ ತಿರುವಿನಲ್ಲೂ ನಿಂತು ನೆಡಬೇಕು. ದೊಡ್ಡ ಬಾಸ್ ಒಂದೇ ಏಟಿಗೆ ಎಲ್ಲ ಕಂಬ ಉರುಳಿಸಿದರೆ ಮತ್ತೆ ನೆಡುವವರೆಗೆ ನಾನು ಬರಿಗೈ.

ಅಳಿಯನ ಕಥೆ ಬೇರೆ. ಉಡುಪಿ ಕಡೆ ಇಂಜಿನಿಯರಿಂಗ್ ಓದುತ್ತಿದ್ದಾನೆ, ಹಾಸ್ಟೆಲಿನ ನೆಟ್ ನನ್ನದಕ್ಕಿಂತ ಚುರುಕು, ಬೆರಳೂ ಚುರುಕು. ಅವನು ಮೊದಲು ಸತ್ತ ಹೆಣಗಳನ್ನು ಎಬ್ಬಿಸಿ ಜೊಂಬಿ ಪಡೆ ಕಟ್ಟಿದ. ಟ್ರೀಯಲ್ಲಿ ಮಾತ್ರ ಸ್ಪೆಲ್ ಡ್ಯಾಮೇಜ್ ಚುಕ್ಕೆಗಳನ್ನು ಹೆಕ್ಕಿದ. ಅವು ಅವನಿಗೆ ಅನ್ವಯ, ಅವನ ಜೊಂಬಿಗಳಿಗಲ್ಲ. ಮಿನಿಯನ್, ಅಂದರೆ ಆಳು, ಎಂದು ಬರೆದಿದ್ದರೆ ಮಾತ್ರ ಅವಕ್ಕೆ ಸಲ್ಲುತ್ತದೆ. ಯಜಮಾನ ತುಪ್ಪ ತಿಂದರೆ ಆಳಿನ ಹೊಟ್ಟೆ ತುಂಬೀತೇ? ಅದು ಬಿಟ್ಟು ಲೈಟ್ನಿಂಗ್ ಆ್ಯರೋ ಎಂಬ ಮಿಂಚಿನ ಬಾಣ ಹೊಡೆಯುವ ಬಿಲ್ಲುಗಾರ ಡೆಡ್‌ಐ ಹಿಡಿದ, ಯಾವುದೋ ವೀಡಿಯೊ ನೋಡಿ. ವೀಡಿಯೊದಲ್ಲಿ ಆಡಿದವರ ಬಿಲ್ಲಿನ ಬೆಲೆಗೆ ಅಳಿಯನ ಇಡೀ ಖಜಾನೆ ಸಾಲದು. ಅದೇ ವೀಡಿಯೊ ನೋಡಿದ ಸಾವಿರಾರು ಮಂದಿ ಅದೇ ಬಿಲ್ಲಿಗೆ ಮುಗಿಬಿದ್ದಿದ್ದರಿಂದ ಎರಡೇ ದಿನದಲ್ಲಿ ಬೆಲೆ ಇನ್ನೂ ಏರಿತು. ಚೌತಿಯ ಮುನ್ನಾದಿನದ ಹೂವಿನ ಹಾಗೆ.

“ಮಾವ, ಬಿಲ್ಡ್ ಒಳ್ಳೆಯದೇ. ನನ್ನ ಹತ್ತಿರ ಬಿಲ್ಲಿಲ್ಲ ಅಷ್ಟೆ.”

“ಹಾಗಾದರೆ ಅದು ನಿನ್ನ ಬಿಲ್ಡ್ ಅಲ್ಲ ಮಾರಾಯ, ಬಿಲ್ಲಿನ ಬಿಲ್ಡ್.”

ಅವನಿಗೆ ಸಿಟ್ಟು ಬಂತು. ಆ ಶನಿವಾರ ಮಂಗಳೂರಿಗೆ ಬಂದಾಗ ಜೊತೆಯಲ್ಲಿ ಕುಳಿತು ನನ್ನ ಲೆಕ್ಕದ ಪುಸ್ತಕ ತೆರೆದೆ. ನೂರು ಪುಟದ ಗೆರೆ ಹಾಕಿದ ಪುಸ್ತಕ, ಎಡಕ್ಕೆ ಆದಾಯ, ಬಲಕ್ಕೆ ಖರ್ಚು. ಅಂದರೆ ಎಡಕ್ಕೆ ನಾನು ಕೊಡುವ ಪೆಟ್ಟು, ಬಲಕ್ಕೆ ನಾನು ತಿನ್ನುವ ಪೆಟ್ಟು.

ಎಡದಲ್ಲಿ ಹೆಚ್ಚಿನವರು ಎಡವುವುದು ಎರಡು ಇಂಗ್ಲಿಷ್ ಪದಗಳಲ್ಲಿ: ಇನ್‌ಕ್ರೀಸ್ಡ್ ಮತ್ತು ಮೋರ್. ಎರಡೂ ಹೆಚ್ಚು ಎಂದೇ ಅರ್ಥ ಕೊಟ್ಟರೂ ಒಂದು ಸರಳ ಬಡ್ಡಿ, ಇನ್ನೊಂದು ಚಕ್ರಬಡ್ಡಿ. ಮೂಲ ಪೆಟ್ಟು 100 ಎನ್ನೋಣ. ಟ್ರೀಯಿಂದ ಒಟ್ಟು 300 ಶೇಕಡಾ ಇನ್‌ಕ್ರೀಸ್ಡ್ ಬಂದಿದ್ದರೆ 400 ಆಯಿತು. ಅದರ ಮೇಲೆ ಇನ್ನೂ 20 ಶೇಕಡಾ ಇನ್‌ಕ್ರೀಸ್ಡ್ ತೆಗೆದುಕೊಂಡರೆ ಸಿಗುವುದು 420, ಏಕೆಂದರೆ ಅದು ಮೂಲದ 100ಕ್ಕೇ ಕೂಡುತ್ತದೆ. ಅದೇ 20 ಶೇಕಡಾ ಮೋರ್ ಸಿಕ್ಕರೆ ಇಡೀ 400ನ್ನು ಗುಣಿಸಿ 480 ಆಗುತ್ತದೆ. ಟ್ರೀಯ ಚುಕ್ಕೆಗಳು ಬಹುತೇಕ ಸರಳ ಬಡ್ಡಿಯವು, ಸ್ಕಿಲ್‌ಗೆ ಬಲ ಕೊಡಲು ಜೋಡಿಸುವ ಸಪೋರ್ಟ್ ಜೆಮ್‌ಗಳಲ್ಲಿ ಚಕ್ರಬಡ್ಡಿ ಸಿಗುತ್ತದೆ. ಹೀಗಾಗಿ ಪೆಟ್ಟು ಸಾಲದಾದಾಗ ಅಳಿಯ ಟ್ರೀಯಲ್ಲಿ ಇನ್ನೂ ಐದು ಚುಕ್ಕೆ ಹುಡುಕುತ್ತಾನೆ, ನಾನು ಜೆಮ್‌ಗಳ ಜೋಡಣೆ ನೋಡುತ್ತೇನೆ. ಆ ಐದು ಚುಕ್ಕೆ ಲೈಫ್‌ಗೆ ಉಳಿಯಿತಲ್ಲ.

ಬಲಗಡೆಯದು ಇನ್ನೂ ಸ್ವಾರಸ್ಯ. ಬೆಂಕಿ, ಚಳಿ, ಮಿಂಚು ಈ ಮೂರಕ್ಕೂ ರೆಸಿಸ್ಟೆನ್ಸ್‌ನ, ಅಂದರೆ ಪೆಟ್ಟನ್ನು ತಡೆಯುವ ಶಕ್ತಿಯ, ಸಾಮಾನ್ಯ ಮಿತಿ 75 ಶೇಕಡಾ. 50 ಇದ್ದರೆ ಸಾಕು, ಕೊರತೆ ಇಪ್ಪತ್ತೈದೇ ಎನ್ನುವವರಿದ್ದಾರೆ. 1000ದ ಬೆಂಕಿ ಏಟು ಬಿದ್ದರೆ 75 ಇರುವವರಿಗೆ ತಾಗುವುದು 250, 50 ಇರುವವರಿಗೆ 500. ನೇರ ಎರಡು ಪಟ್ಟು! ಮಿತಿಯನ್ನೇ ಏರಿಸಿ 80 ಮಾಡಿಕೊಂಡರೆ 200. ಬರೇ ಐದು ಅಂಕಕ್ಕೆ ಪೆಟ್ಟಿನ ಐದನೇ ಒಂದು ಪಾಲು ಮಾಯ. ಕೊನೆಯ ಅಂಕಗಳೇ ಬೆಲೆಯುಳ್ಳವು. ಇದರ ಜೊತೆಗೆ ಆಟ ಒಂದು ಕುತಂತ್ರ ಮಾಡುತ್ತದೆ. ಕಥೆಯ ಐದನೇ ಭಾಗದ ಕೊನೆಗೆ ಕಿಟಾವಾ ಎಂಬ ಬಾಸನ್ನು ಎದುರಿಸಿದ ಮೇಲೆ ಮೂರೂ ರೆಸಿಸ್ಟೆನ್ಸ್‌ನಿಂದ 30 ಕಳೆಯುತ್ತದೆ, ಹತ್ತನೇ ಭಾಗದ ಕೊನೆಗೆ ಇನ್ನೂ 30. ಅಲ್ಲಿಗೆ 75 ಕಾಣಬೇಕಿದ್ದರೆ ಕೈಯಲ್ಲಿ 135 ಇರಬೇಕು. ಇದೇ ನಾನು ಹೇಳಿದ ಆಟಿ. ಮುಂಚೆಯೇ ಗೊತ್ತಿರುವ, ತಾರೀಖು ಸಮೇತ ಬರುವ ಕೊರತೆ. ಆದರೂ ಪ್ರತಿ ಸಲ ಅರ್ಧ ಮಂದಿ ಅಲ್ಲೇ ಬಿದ್ದು, ಬಿಲ್ಡ್ ಸರಿಯಿಲ್ಲ ಎಂದು ಆಟ ಬಿಡುತ್ತಾರೆ.

ಆರ್ಮರ್ ವಿಷಯದಲ್ಲಿ ನಾನೇ ಮೋಸ ಹೋದೆ. 20,000 ಆರ್ಮರ್ ಕೂಡಿಹಾಕಿ, ಇನ್ನು ಕಬ್ಬಿಣದ ಕಂಬವೇ ನಾನು ಎಂದುಕೊಂಡಿದ್ದೆ. ಆರ್ಮರ್ ತಡೆಯುವ ಪ್ರಮಾಣ ಬೀಳುವ ಏಟಿನ ಗಾತ್ರವನ್ನು ಅವಲಂಬಿಸಿದೆ. ಏಟನ್ನು ಐದರಿಂದ ಗುಣಿಸಿ ಆರ್ಮರ್‌ಗೆ ಕೂಡಿಸಿ, ಆ ಮೊತ್ತದಲ್ಲಿ ಆರ್ಮರ್‌ನ ಪಾಲು ಎಷ್ಟೋ ಅಷ್ಟು ತಡೆ. 1000ದ ಏಟಾದರೆ 25,000ದಲ್ಲಿ 20,000, ಅಂದರೆ 80 ಶೇಕಡಾ. 10,000ದ ಏಟಾದರೆ 70,000ದಲ್ಲಿ 20,000. 29 ಶೇಕಡಾವೂ ಇಲ್ಲ. ಚಿಲ್ಲರೆ ಪೆಟ್ಟುಗಳಿಗೆ ಛತ್ರಿ, ಬಿರುಗಾಳಿಗೆ ಸೋರುವ ಮಾಡು. ಕೊಲ್ಲುವುದು ಬಿರುಗಾಳಿಯೇ ಆದ್ದರಿಂದ ಈಗ ಒಂದೇ ರಕ್ಷಣೆಯನ್ನು ನಂಬುವುದಿಲ್ಲ: ಲೈಫ್, ಬ್ಲಾಕ್, ಸ್ವಲ್ಪ ಆರ್ಮರ್, ಎಲ್ಲಕ್ಕೂ ಮೊದಲು ದೂರ. ಕಥೆ ಮುಗಿದ ಮೇಲೆ ಬರುವ ಮ್ಯಾಪ್‌ಗಳಿಗೆ ಕಾಲಿಡುವಾಗ 4000 ಲೈಫ್ ಇಲ್ಲದಿದ್ದರೆ ಹಿಂದೆ ಹೋಗಿ ಮತ್ತೆ ಆಡುತ್ತೇನೆ. ಬೇರೆಯವರು ಇದಕ್ಕಿಂತ ಕಡಿಮೆಯಲ್ಲೂ ನಿಭಾಯಿಸುತ್ತಾರೆ, ಅವರ ಕೈ ಬೇರೆ.

ಪಾತ್ ಆಫ್ ಬಿಲ್ಡಿಂಗ್ ಎಂಬ ತಂತ್ರಾಂಶದಲ್ಲಿ ಇವೆಲ್ಲ ಲೆಕ್ಕ ತಾನಾಗಿ ಬರುತ್ತದೆ, ಆಟಗಾರರೇ ಕಟ್ಟಿದ್ದು. ಅಳಿಯ ಅದನ್ನೇ ಬಳಸುತ್ತಾನೆ, ನಾನೂ ಕೊನೆಗೆ ತಾಳೆ ನೋಡುತ್ತೇನೆ. ಅಲ್ಲೊಂದು ಅಪಾಯವಿದೆ. ಎಲ್ಲ ಫ್ಲಾಸ್ಕ್ ಚಾಲೂ, ಶತ್ರು ಶಾಪಗ್ರಸ್ತ, ಚಾರ್ಜ್ ಪೂರ್ತಿ ಎಂದೆಲ್ಲ ಟಿಕ್ ಹಾಕಿದರೆ ಯಾವ ಬಿಲ್ಡ್ ಆದರೂ ಕೋಟಿ ಕೋಟಿ ಪೆಟ್ಟು ತೋರಿಸುತ್ತದೆ. ಸಾಲದ ಅರ್ಜಿಗೆ ಅಂಟಿಸಿದ ಯೋಜನಾ ವರದಿಯ ಹಾಗೆ, ಅದರಲ್ಲಿ ಯಾರ ಅಂಗಡಿಯೂ ನಷ್ಟದಲ್ಲಿ ಇರುವುದಿಲ್ಲ. ನಾನು ಎಲ್ಲ ಟಿಕ್ ತೆಗೆದು ಉಳಿದ ಸಂಖ್ಯೆಯನ್ನು ಮಾತ್ರ ಪುಸ್ತಕಕ್ಕೆ ಬರೆದುಕೊಳ್ಳುತ್ತೇನೆ.

ಅಂದು ಅಳಿಯನ ಡೆಡ್‌ಐಗೂ ಹಾಗೇ ಮಾಡಿದೆವು. ಟಿಕ್ ಒಂದೊಂದೇ ತೆಗೆದಂತೆ ಸಂಖ್ಯೆ ಇಳಿಯಿತು, ಅವನ ಮುಖವೂ ಇಳಿಯಿತು. ಬಲಗಡೆ ನೋಡಿದರೆ ಲೈಫ್ 2,900. ಬಿಲ್ಡ್ ಬಿಡು ಎಂದು ನಾನು ಹೇಳಲಿಲ್ಲ. ಬಿಲ್ಲು ಅವನಿಗೆ ಇಷ್ಟ, ಬೇಸರದ ಬಿಲ್ಡ್ ಎಷ್ಟು ಗಟ್ಟಿಯಾದರೂ ಮೂರನೇ ದಿನಕ್ಕೆ ಮೂಲೆ ಸೇರುತ್ತದೆ. ಸರಳ ಬಡ್ಡಿಯ ಹನ್ನೊಂದು ಚುಕ್ಕೆ ಕಿತ್ತು ಲೈಫ್‌ಗೆ ಹಾಕಿದೆವು, ಹನ್ನೊಂದು ಆರ್ಬ್ ನನ್ನ ಡಬ್ಬಿಯಿಂದ. ದುಬಾರಿ ಬಿಲ್ಲಿನ ಆಸೆ ಬಿಟ್ಟು ಅಗ್ಗದ್ದೊಂದನ್ನು ಹಿಡಿದ. ಪೆಟ್ಟು ಕಾಲು ಭಾಗ ಕಡಿಮೆಯಾಯಿತು. ಆ ರಾತ್ರಿ ಅಮ್ಮ ಊಟಕ್ಕೆ ಮೂರು ಸಲ ಕರೆದರೂ ಅವನು ಏಳಲಿಲ್ಲ, ನಾಲ್ಕು ದಿನದಿಂದ ಕೊಲ್ಲುತ್ತಿದ್ದ ಮ್ಯಾಪ್ ದಾಟಿಯೇ ಎದ್ದ. ಬಂಗುಡೆ ಗಸಿ ತಣ್ಣಗಾಗಿತ್ತು.

ಹೋದ ಭಾನುವಾರ ಅವನು ಫೋನ್ ಮಾಡಿದಾಗ ನನ್ನ ಹೈರೊಫ್ಯಾಂಟ್ ಆಗಷ್ಟೇ ಸತ್ತಿದ್ದ. ಲೆವೆಲ್ 94. ಮ್ಯಾಪ್‌ಗಳಲ್ಲಿ ಒಂದು ಸಾವಿಗೆ ಆ ಲೆವೆಲ್‌ನ ಹತ್ತನೇ ಒಂದು ಪಾಲು ಅನುಭವ ಕಡಿತ, ನನ್ನ ವೇಗಕ್ಕೆ ಎರಡು ಸಂಜೆಯ ದುಡಿಮೆ. ನೆಟ್ ಸರಿಯಿತ್ತು, ಕರೆಂಟ್ ಇತ್ತು, ಮಳೆಯೂ ಇರಲಿಲ್ಲ. ಹಿಂದಿನ ರಾತ್ರಿ ಹೊಳೆಯುವ ಹೊಸ ಉಂಗುರ ಹಾಕಿದ್ದೆ, ಟೋಟೆಮ್ ಜೋರಾಗಿ ಹೊಡೆಯಬಹುದು ಎಂದು. ಹಳೆಯ ಉಂಗುರದಲ್ಲಿ ಏನೇನಿತ್ತು ಎಂದು ನೋಡಿರಲಿಲ್ಲ.

“ಮಾವ, ಬಲಗಡೆ ಬರೆದಿದ್ದಿರಾ?” ಎಂದು ಕೇಳಿದ, ನಗು ತಡೆದುಕೊಂಡು.

ಫೋನ್ ಇಟ್ಟ ಮೇಲೆ ಕೆಂಪು ಶಾಯಿಯಲ್ಲಿ ಬರೆದೆ: ಉಂಗುರ ಬದಲು, ಬೆಂಕಿ 61.