99 ನಂಬರಿನ ಫೈಲ್ ಯಾಕೆ ಸೋತಿತು

ಡೆಬಿಯನ್ ಲಿನಕ್ಸ್ ಅಪ್‌ಗ್ರೇಡ್ ಮಾಡುವಾಗ, ಸಾಫ್ಟ್‌ವೇರ್ ಪ್ಯಾಕೇಜ್ ಹಾಕುವ ಪ್ರೋಗ್ರಾಂ ಡಿಪಿಕೆಜಿ ಕೆಲವೊಮ್ಮೆ ಅರ್ಧದಲ್ಲಿ ನಿಂತು ಕೇಳುತ್ತದೆ: ಈ ಸೆಟ್ಟಿಂಗ್ ಫೈಲನ್ನು ನೀವು ತಿದ್ದಿದ್ದೀರಿ, ಪ್ಯಾಕೇಜ್‌ನಲ್ಲೂ ಹೊಸದು ಬಂದಿದೆ, ಯಾವುದನ್ನು ಇಟ್ಟುಕೊಳ್ಳಲಿ? ನಾನು ಓದುವ ಗೋಜಿಗೇ ಹೋಗದೆ ಸುಮ್ನೆ ಎಂಟರ್ ಒತ್ತುತ್ತಿದ್ದೆ. ಆಗ ಹಳೆಯದೇ ಉಳಿಯುತ್ತದೆ. ಹೊಸದು ಹೆಸರಿನ ಕೊನೆಗೆ ಡಿಪಿಕೆಜಿ-ಡಿಸ್ಟ್ ಎಂಬ ಬಾಲ ಹಚ್ಚಿಕೊಂಡು ಪಕ್ಕದಲ್ಲಿ ಕೂರುತ್ತದೆ. ಒಂದು ದಿನ ಸೆಟ್ಟಿಂಗ್ ಫೈಲುಗಳಿರುವ ಇಟಿಸಿ ಫೋಲ್ಡರ್ ತೆರೆದು ನೋಡಿದರೆ ಬಾಲದ ಫೈಲುಗಳದ್ದೇ ಸಂತೆ. ಯಾವ ಸಾಲು ನಾನು ಬರೆದದ್ದು, ಯಾವುದು ಪ್ಯಾಕೇಜ್ ಜೊತೆ ಬಂದದ್ದು ಅಂತ ನನಗೇ ತಿಳಿಯಲಿಲ್ಲ.

ಮೊದಲು ಇಟಿಸಿಕೀಪರ್ ಹಾಕಿದೆ. ಅದು ಇಡೀ ಇಟಿಸಿಯನ್ನು, ಬದಲಾವಣೆಗಳ ಇತಿಹಾಸ ಕಾಪಾಡುವ ಗಿಟ್‌ನಲ್ಲಿ ಇಡುತ್ತದೆ. ಪ್ಯಾಕೇಜ್ ಹಾಕುವ ಮುಂಚೆ ಮತ್ತು ಹಾಕಿದ ಮೇಲೆ ತಾನೇ ಕಮಿಟ್ ಮಾಡುತ್ತದೆ, ಅಂದರೆ ಆಗಿನ ಸ್ಥಿತಿಯನ್ನು ದಾಖಲಿಸುತ್ತದೆ. (ಆ ಗಿಟ್ ಸಂಗ್ರಹವನ್ನು ಸಾರ್ವಜನಿಕ ಜಾಗಕ್ಕೆ ಮಾತ್ರ ಪುಶ್ ಮಾಡಬೇಡಿ. ಪಾಸ್‌ವರ್ಡ್ ಹ್ಯಾಶ್‌ಗಳಿರುವ ಶ್ಯಾಡೋ ಫೈಲೂ ಅದರೊಳಗೇ ಇರುತ್ತದೆ.)

ಆಮೇಲೆ ಪ್ಯಾಕೇಜ್ ತಂದ ಫೈಲಿಗೆ ಕೈ ಹಚ್ಚುವುದನ್ನೇ ಬಿಟ್ಟೆ. ಈಗ ಎಷ್ಟೋ ಸಾಫ್ಟ್‌ವೇರ್‌ಗಳಿಗೆ 'ಡಾಟ್ ಡಿ' ಎಂದು ಮುಗಿಯುವ ಫೋಲ್ಡರ್ ಇದೆ. ನನಗೆ ಬೇಕಾದ ಎರಡು ಸಾಲನ್ನು ಅಲ್ಲೊಂದು ಸಣ್ಣ ಫೈಲ್ ಮಾಡಿ ಹಾಕಿದರಾಯಿತು. ಸಿಸ್ಟಮ್‌ಡಿ ನಡೆಸುವ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಆದರೆ 'ಸಿಸ್ಟಮ್‌ಸಿಟಿಎಲ್ ಎಡಿಟ್' ಕೊಟ್ಟರೆ ಆ ಫೈಲನ್ನು ಅದೇ ಮಾಡಿಕೊಡುತ್ತದೆ.

ಇಲ್ಲೇ ಎಡವಿದೆ. ಇಂಥ ಫೋಲ್ಡರ್‌ನ ಫೈಲುಗಳನ್ನು ಹೆಸರಿನ ಮೊದಲಿನ ನಂಬರಿನ ಕ್ರಮದಲ್ಲಿ ಓದಲಾಗುತ್ತದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸೆಟ್ಟಿಂಗ್ ಕೊಡುವ ಸಿಸ್‌ಸಿಟಿಎಲ್‌ನಲ್ಲಿ ಕೊನೆಗೆ ಓದಿದ ಫೈಲಿನ ಮಾತೇ ನಡೆಯುತ್ತದೆ, ಹಾಗಾಗಿ ನನ್ನದಕ್ಕೆ 99 ಅಂತ ನಂಬರ್ ಕೊಟ್ಟಿದ್ದೆ. ದೂರದಿಂದ ಲಾಗಿನ್ ಆಗಲು ಬಿಡುವ ಎಸ್‌ಎಸ್‌ಎಚ್ ಸರ್ವರಿಗೂ ಅದೇ ರೂಢಿಯಲ್ಲಿ 99 ಕೊಟ್ಟು, ಪಾಸ್‌ವರ್ಡ್ ಲಾಗಿನ್ 'ನೋ' ಅಂತ ಬರೆದು ರೀಸ್ಟಾರ್ಟ್ ಮಾಡಿದೆ. ಲಾಗಿನ್ ಕೀ (ಪಾಸ್‌ವರ್ಡ್ ಬದಲಿನ ಗುರುತಿನ ಫೈಲ್) ಇಲ್ಲದ ಬೇರೆ ಮಷಿನ್‌ನಿಂದ ಲಾಗಿನ್ ಆಗಿ ನೋಡಿದರೆ ಅದು ಆರಾಮಾಗಿ ಪಾಸ್‌ವರ್ಡ್ ಕೇಳುತ್ತಿದೆ! ಕೊನೆಗೆ ಯಾವ ಸೆಟ್ಟಿಂಗ್ ನಿಂತಿದೆ ಅಂತ ತೋರಿಸುವ 'ಎಸ್‌ಎಸ್‌ಎಚ್‌ಡಿ -ಟಿ' (ದೊಡ್ಡಕ್ಷರದ ಟಿ) ಓಡಿಸಿದೆ, ಅಲ್ಲೂ 'ಯೆಸ್'. ಅದೇ ಫೋಲ್ಡರ್‌ನಲ್ಲಿ 50 ನಂಬರಿನ ಫೈಲೊಂದು ಮೊದಲೇ 'ಯೆಸ್' ಅಂದುಬಿಟ್ಟಿತ್ತು. ಎಸ್‌ಎಸ್‌ಎಚ್‌ನಲ್ಲಿ ಮೊದಲು ಸಿಕ್ಕ ಬೆಲೆಯೇ ಕೊನೆ, ಆಮೇಲೆ ಯಾರು ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನನ್ನ ಫೈಲಿನ ಹೆಸರನ್ನು 01 ಮಾಡಿದೆ, ಸರಿಹೋಯಿತು. ಇಂಥ ಕೆಲಸ ಮಾಡುವಾಗ ತೆರೆದಿರುವ ಒಂದು ಸೆಷನ್ ಮುಚ್ಚದೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ನೀವೇ ಹೊರಗೆ ಉಳಿಯುತ್ತೀರಿ.

ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಸುಡೋದ್ದು ಇನ್ನೊಂದು ತಮಾಷೆ. ಸಿಸ್‌ಸಿಟಿಎಲ್ ಫೈಲಿನ ಹೆಸರು 'ಡಾಟ್ ಕಾನ್ಫ್' ಎಂದು ಮುಗಿಯಲೇಬೇಕು. ಆದರೆ ಸುಡೋದ ಸುಡೋಯರ್ಸ್ ಫೋಲ್ಡರ್‌ನಲ್ಲಿ ಹೆಸರಿನಲ್ಲಿ ಚುಕ್ಕಿ ಇದ್ದರೆ ಆ ಫೈಲನ್ನು ಓದುವುದೇ ಇಲ್ಲ. ಎರರ್ ಕೂಡ ಇಲ್ಲ. ಬಾಲದ ಫೈಲುಗಳನ್ನು ಅಪ್ಪಿತಪ್ಪಿ ಓದಬಾರದು ಅಂತ ಮಾಡಿದ ಏರ್ಪಾಡು, ಅದೇನೋ ಸರಿ. ಆದರೆ ನನ್ನ ಅರ್ಧ ದಿನ ಹೋಯಿತಲ್ವಾ?

ಹಾಗಾಗಿ ಈಗ ನಾನು ಬರೆಯುವ ಪ್ರತಿ ಫೈಲಿನ ತಲೆಯಲ್ಲಿ ಎರಡು ಸಾಲು ಕಾಮೆಂಟ್ ಇರುತ್ತದೆ. ಇದನ್ನು ಯಾಕೆ ಹಾಕಿದೆ ಅಂತ ಒಂದು, ನಡೆಯುತ್ತಿದೆಯೇ ಅಂತ ನೋಡುವ ಕಮಾಂಡ್ ಇನ್ನೊಂದು.

ಕಳೆದ ಸಲದ ಅಪ್‌ಗ್ರೇಡ್‌ನಲ್ಲಿ ಡಿಪಿಕೆಜಿ ಒಂದೇ ಒಂದು ಸಲ ನಿಂತಿತು. 'ಡಾಟ್ ಡಿ' ಫೋಲ್ಡರ್ ಇಲ್ಲದ ಹಳೇ ಪ್ರೋಗ್ರಾಂ ಒಂದಕ್ಕೆ. ಎಂಟರ್ ಒತ್ತಲಿಲ್ಲ. ಡಿ ಒತ್ತಿ, ವ್ಯತ್ಯಾಸ ಏನಿದೆ ಅಂತ ಪೂರ್ತಿ ಓದಿದೆ.