ಆಫೀಸಿನ ಗುಜರಿ, ನಮ್ಮೂರ ಶಾಲೆಗೆ ಕಂಪ್ಯೂಟರ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತಲ್ವಾ, ಆಮೇಲೆ ಮಂಗಳೂರಿನ ಆಫೀಸುಗಳಿಂದ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನನ್ನ ರಿಪೇರಿ ಅಂಗಡಿಗೆ ಹಳೇ ಡೆಸ್ಕ್‌ಟಾಪ್‌ಗಳು ಜಾಸ್ತಿ ಬರತೊಡಗಿದವು. ಇಂಟೆಲ್ ಎಂಟನೇ ತಲೆಮಾರಿಗಿಂತ ಹಿಂದಿನ ಹೆಚ್ಚಿನ ಪ್ರೊಸೆಸರ್‌ಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಆಫೀಸಿನವರ ಪಾಲಿಗೆ ಅದು ಗುಜರಿ, ನಾನು ಸರಿಮಾಡಿ ಶಾಲೆಗೆ ಕೊಡುತ್ತೇನೆ. ಕೇರಳದ ಸರಕಾರಿ ಶಾಲೆಗಳಲ್ಲಿ ಓಡುವುದು ಹೇಗೂ ವಿಂಡೋಸಿನ ಬದಲು ಉಬುಂಟು ಮೂಲದ ಕೈಟ್ ಲಿನಕ್ಸ್. ನಮಗೆ ನಾಲ್ಕನೇ ತಲೆಮಾರಿನ ಐ3 ಧಾರಾಳ ಸಾಕು.

ಕೊಟ್ಟದ್ದನ್ನೆಲ್ಲ ತಗೊಳ್ಳುವುದಿಲ್ಲ. ಡಬ್ಬಾ ಮಾನಿಟರ್, ಬ್ಯಾಟರಿ ಊದಿದ ಲ್ಯಾಪ್‌ಟಾಪ್, ಕೆಪಾಸಿಟರ್ ಉಬ್ಬಿದ ಬೋರ್ಡು ಬೇಡ. ದಾನದ ಹೆಸರಲ್ಲಿ ಶಾಲೆಯನ್ನು ಗುಜರಿ ಕೋಣೆ ಮಾಡಬಾರದಲ್ಲ.

ಮೊದಲ ಕೆಲಸ ಡಿಸ್ಕ್ ಅಳಿಸುವುದು. ಒಂದು ಆಫೀಸು ಕೊಟ್ಟದ್ದರಲ್ಲಿ ಸಂಬಳದ ಪಟ್ಟಿ ಹಾಗೇ ಇತ್ತು! ಸುಮ್ನೆ ಫಾರ್ಮ್ಯಾಟ್ ಮಾಡಿದರೆ ಫೈಲು ವಾಪಸ್ ತೆಗೆಯಬಹುದು. ಅದಕ್ಕೆ ಎನ್‌ವೈಪ್ ಅನ್ನುವ ತಂತ್ರಾಂಶ ಹಾಕಿ ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಸುತ್ತೇನೆ. ರಾತ್ರಿ ಹಚ್ಚಿಟ್ಟು ಮನೆಗೆ ಹೋಗುವುದು.

ಆಮೇಲೆ ಪೆಟ್ಟಿಗೆ ಬಿಚ್ಚುವುದು. ಧೂಳು, ಇರುವೆ, ಎಸ್‌ಎಂಪಿಎಸ್ (ಕರೆಂಟು ಒದಗಿಸುವ ಡಬ್ಬಿ) ಪಕ್ಕ ಹಲ್ಲಿ ಮೊಟ್ಟೆ. ಆನ್ ಮಾಡಿದರೆ ಬರೀ ಬೀಪ್ ಅಂತದೆ, ಸ್ಕ್ರೀನ್ ಕಪ್ಪು. ನಮ್ಮ ಮಳೆಗಾಲದ ತೇವಕ್ಕೆ ರ್‍ಯಾಮಿನ ಚಿನ್ನದ ಪಟ್ಟಿ ಮಬ್ಬಾಗಿರುತ್ತದೆ. ಮಕ್ಕಳ ರಬ್ಬರಿನಿಂದ ಮೆಲ್ಲ ಉಜ್ಜಿ, ಪುಡಿ ಊದಿ, ಟಕ್ ಅನ್ನುವ ತನಕ ಒತ್ತಿ ಕೂರಿಸಿದರೆ ಎಷ್ಟೋ ಸಲ ಅಲ್ಲಿಗೇ ಸರಿಯಾಗುತ್ತದೆ. ಬೋರ್ಡಿನ ಗಡಿಯಾರ ನಡೆಸುವ ಸಿಆರ್2032 ಬಿಲ್ಲೆ ಸೆಲ್ ನೋಡದೆ ಬದಲಿಸುತ್ತೇನೆ. ಅದು ಸತ್ತರೆ ತಾರೀಖು ವರ್ಷಗಟ್ಟಲೆ ಹಿಂದೆ ಹೋಗಿ, ಬ್ರೌಸರ್ ಪ್ರತಿ ಸೈಟನ್ನೂ ಅಪಾಯ ಅನ್ನುತ್ತದೆ. ಶಾಲೆಯವರು ಇಂಟರ್ನೆಟ್ ಕೆಟ್ಟಿದೆ ಅಂತ ಫೋನ್ ಮಾಡುತ್ತಾರೆ.

ದುಡ್ಡು ಹಾಕುವುದಾದರೆ ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್, ಅಂದರೆ ಎಸ್‌ಎಸ್‌ಡಿಗೆ ಹಾಕಿ. ಹಳೇ ಹಾರ್ಡ್ ಡಿಸ್ಕ್ ತೆಗೆದು 240 ಜಿಬಿಯದ್ದು ಕೂರಿಸಿದರೆ ಅದೇ ಯಂತ್ರ ಅಂತ ನಂಬುವುದು ಕಷ್ಟ.

ನನಗೆ ಜಾಸ್ತಿ ಹೊತ್ತು ಹಿಡಿಯುವುದು ಕನ್ನಡ. ಕಗಪ ಕೀಲಿಮಣೆ ವಿನ್ಯಾಸ ಸೇರಿಸಿದರೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದವರ ಕೈ ಬೇಗ ಹೊಂದುತ್ತದೆ. ನಮ್ಮಲ್ಲಿ ಮಲಯಾಳವೂ ಬೇಕು, ಹಾಗಾಗಿ ಭಾಷೆ ಬದಲಿಸುವ ಕೀಲಿ ಯಾವುದೆಂದು ಮಾನಿಟರಿನ ಅಂಚಿಗೆ ಚೀಟಿ ಅಂಟಿಸುತ್ತೇನೆ. ದೊಡ್ಡ ರಗಳೆ ಮಾಷ್ಟ್ರುಗಳ ಹಳೇ ಪ್ರಶ್ನೆಪತ್ರಿಕೆಗಳದ್ದು. ಯೂನಿಕೋಡ್ (ಎಲ್ಲ ಯಂತ್ರಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಬರೆದದ್ದು ಹೊಸ ಯಂತ್ರದಲ್ಲಿ ಬರೀ ಇಂಗ್ಲಿಷ್ ಅಕ್ಷರದ ಚಿತ್ತಾಗಿ ಕಾಣುತ್ತದೆ. "ಫೈಲು ಹಾಳು ಮಾಡಿದಿರಲ್ಲ ಮಾರಾಯ್ರೆ" ಅಂತ ಬೈಸಿಕೊಂಡದ್ದಿದೆ. ಯೂನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿದರೆ ಬಹುತೇಕ ಸರಿಯಾಗುತ್ತದೆ. ಒತ್ತಕ್ಷರ, ಅರ್ಕಾವತ್ತು ಕಣ್ಣಿಟ್ಟು ತಿದ್ದಬೇಕು. ಈಗ ಕಂಪ್ಯೂಟರ್ ಒಯ್ಯಲು ಬರುವಾಗಲೇ ಪೆನ್‌ಡ್ರೈವ್ ತನ್ನಿ ಅನ್ನುತ್ತೇನೆ. ಎದುರಿಗೇ ಒಂದು ಪತ್ರಿಕೆ ಪರಿವರ್ತಿಸಿ, ತಿದ್ದಿ, ಪ್ರಿಂಟ್ ತೆಗೆದು ಕೊಟ್ಟ ಮೇಲೆಯೇ ವೈರ್ ಸುತ್ತುವುದು.