ಬಣ್ಣ ಎಣ್ಣೆಗೆ ಬಿಡುತ್ತದೋ, ನೀರಿಗೆ ಬಿಡುತ್ತದೋ?

ಶನಿವಾರ ಬೆಳಿಗ್ಗೆ ಏಳಕ್ಕೆಲ್ಲ ನಾನು ಗಾಂಧಿ ಬಜಾರ್‌ನಲ್ಲಿರುತ್ತೇನೆ. ಹಸಿರು, ಕೆಂಪು, ಕಿತ್ತಳೆ, ನೇರಳೆ ನಾಲ್ಕೂ ಬೀಳುವ ತನಕ ಚೀಲ ಕಟ್ಟುವುದಿಲ್ಲ. ಒಂದೊಂದು ಬಣ್ಣದಲ್ಲಿ ಒಂದೊಂದು ಸತ್ವ, ಅಲ್ವಾ? ಒಬ್ಬರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆಲೂಗಡ್ಡೆ ಆ ಲೆಕ್ಕಕ್ಕಿಲ್ಲ. ನಾಲ್ಕು ಜನರ ಮನೆಗೆ ಒಂದು ಕಟ್ಟು ಸೊಪ್ಪು, ಎರಡು ಕ್ಯಾರೆಟ್ ಎಲ್ಲಿ ಸಾಲುತ್ತದೆ?

ತಂದದ್ದು ಮೈಗೆ ಹತ್ತಬೇಕಾದರೆ ಬೇಯಿಸುವಾಗ ಬಣ್ಣ ಎಲ್ಲಿಗೆ ಹೋಗುತ್ತದೆ ನೋಡಿ.

ಕ್ಯಾರೆಟ್ ತುರಿಯನ್ನು ಒಗ್ಗರಣೆಗೆ ಹಾಕಿ ಎರಡು ನಿಮಿಷ ಕೈಯಾಡಿಸಿ. ಬಾಣಲೆ ಅಂಚಿನ ಎಣ್ಣೆ ಕಿತ್ತಳೆಯಾಗುತ್ತದೆ. ಅದೇ ಬೀಟಾ ಕ್ಯಾರೊಟಿನ್, ಮೈಯೊಳಗೆ ವಿಟಮಿನ್ ಎ ಆಗಿ ಕಣ್ಣು ಕಾಯುತ್ತದೆ. ಜಿಡ್ಡಿನ ಜೊತೆ ಹೋದರೆ ಚೆನ್ನಾಗಿ ಹಿಡಿಯುತ್ತದೆ. ಸಿಹಿಗುಂಬಳಕ್ಕೂ ಹೀಗೇ. ಟೊಮೆಟೊದ ಕೆಂಪು ಬಣ್ಣವಾದ ಲೈಕೋಪೀನ್ ಕೂಡ ಹಸಿ ಹಣ್ಣಿಗಿಂತ ಎಣ್ಣೆಯಲ್ಲಿ ಬೆಂದ ಗೊಜ್ಜಿನಿಂದ ಜಾಸ್ತಿ ಸಿಗುತ್ತದೆ. ಕೋಸಂಬರಿಗೆ ಕಾಯಿತುರಿ, ಒಗ್ಗರಣೆ ಸುಮ್ನೆ ರುಚಿಗಷ್ಟೇ ಅಲ್ಲ.

ಕೆಂಪು ದಂಟಿನ ಸೊಪ್ಪು ನೀರಿನ ಜಾತಿ. ಬೇಯಿಸಿ ಬಸಿದರೆ ನೀರೆಲ್ಲ ಕೆಂಪು. ಬಣ್ಣದ ಜೊತೆ ಫೋಲೇಟ್ ಅನ್ನುವ ಬಿ ವಿಟಮಿನ್, ವಿಟಮಿನ್ ಸಿ ಕೂಡ ಅದಕ್ಕೆ ಇಳಿದಿರುತ್ತವೆ. ಮದುವೆಯಾದ ಹೊಸದರಲ್ಲಿ ಆ ನೀರನ್ನು ಚೆಲ್ಲಲು ಹೋಗಿದ್ದೆ. "ಅಯ್ಯೋ, ಸಾರನ್ನೇ ಚೆಲ್ತಿದ್ದೀಯಲ್ಲಮ್ಮಾ!" ಅಂತ ನಮ್ಮತ್ತೆ ಪಾತ್ರೆ ಇಸ್ಕೊಂಡರು. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಹುಣಸೆಹಣ್ಣು, ಸಾರಿನ ಪುಡಿ, ಒಂದು ಹಿಡಿ ಬೆಂದ ಸೊಪ್ಪು-ಕಾಳು ರುಬ್ಬಿ ಅದೇ ನೀರಿನಲ್ಲಿ ಕುದಿಸಿದರು. ಬಸ್ಸಾರು ಆಯಿತು, ಉಳಿದ ಸೊಪ್ಪು ಪಲ್ಯ ಆಯಿತು. ಇವತ್ತಿಗೂ ನಾನು ಹಾಗೇ ಮಾಡುತ್ತೇನೆ. ಸೊಪ್ಪನ್ನು ತೊಳೆದು ಆಮೇಲೆ ಹೆಚ್ಚಿ. ಪಲ್ಯ ಇಳಿಸಿದ ಮೇಲೆ ನಿಂಬೆ ಹಿಂಡಿ, ಸೊಪ್ಪಿನ ಕಬ್ಬಿಣಾಂಶ ಮೈಗೆ ಹಿಡಿಯಲು ಅದರ ಹುಳಿ ಬೇಕು. ಊಟವಾದ ತಕ್ಷಣ ಕಾಫಿ ಬೇಡ, ಒಂದು ಗಂಟೆ ತಡೆಯಿರಿ.

ಬದನೆಕಾಯಿಯ ನೇರಳೆ ಇರುವುದು ಸಿಪ್ಪೆಯಲ್ಲಿ, ಹೆರೆಯಬೇಡಿ. ಮಳೆ ಶುರುವಾದಾಗ ನೇರಳೆ ಹಣ್ಣು ಬಿಡಬೇಡಿ.

ಬೀಟ್‌ರೂಟ್ ತಿಂದ ಮೇಲೆ ಕೆಲವರಿಗೆ ಮೂತ್ರ ಕೆಂಪಾಗುತ್ತದೆ. ಅದು ತರಕಾರಿಯ ಬಣ್ಣ, ಗಾಬರಿ ಬೇಡ. ಆದರೆ ಮನೆಯಲ್ಲಿ ಯಾರಾದರೂ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತಗೊಳ್ಳುತ್ತಿದ್ದರೆ ಸೊಪ್ಪನ್ನು ದಿಢೀರ್ ಅಂತ ಜಾಸ್ತಿ ಮಾಡಬೇಡಿ, ಮೊದಲು ಡಾಕ್ಟರನ್ನು ಕೇಳಿ.